ತೋಫುವಿನ ಬೆಲೆಯೂ ವಾಷಿಂಗ್ಟನ್ನಿನ ನಿರ್ಧಾರವೂ

ನಸುಕು ಹರಿಯುವುದಕ್ಕೆ ಬಹಳ ಮುಂಚೆಯೇ ಟೋಕಿಯೋ ನಗರದ ಹಳೆಯ ಬೀದಿಗಳಲ್ಲಿ ತೋಫು ತಯಾರಿಸುವವರ ಅಂಗಡಿಗಳೊಳಗೆ ದೀಪ ಹೊತ್ತಿಕೊಳ್ಳುತ್ತದೆ. ಹಿಂದಿನ ರಾತ್ರಿ ನೆನೆಹಾಕಿದ ಸೋಯಾ ಅವರೆಯನ್ನು ನೀರಿನೊಡನೆ ನುಣ್ಣಗೆ ರುಬ್ಬಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಬಂದ ಹಾಲಿಗೆ ಸಮುದ್ರದ ನೀರಿನಿಂದ ತೆಗೆದ ನಿಗಾರಿಯೆಂಬ ಕಹಿದ್ರವವನ್ನು ಬೆರೆಸಿ, ಅದು ಒಡೆದು ಗಟ್ಟಿಯಾದ ಮೇಲೆ ಅಚ್ಚಿನಲ್ಲಿ ಒತ್ತಿ, ಬಿಳಿಯ ಗಡ್ಡೆಗಳನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಬಿಡುವ ಈ ಕಾಯಕವೆಲ್ಲ ಬೆಳಗಿನ ಊಟದ ವೇಳೆಗೆ ಮುಗಿದಿರಬೇಕು. ಬಡವರಿಗೂ ಬಲ್ಲಿದರಿಗೂ ಸಮಾನವಾದ ಆಹಾರವದು. ಮಿಸೊ, ಶೋಯು, ನತ್ತೊ ಎಂದು ಜಪಾನೀಯರ ಊಟದಲ್ಲಿ ದಿನನಿತ್ಯ ಕಾಣುವ ಎಷ್ಟೋ ಪದಾರ್ಥಗಳು ಇದೇ ಕಾಳಿನಿಂದ ಹುಟ್ಟಿದವು. ನೂರಾರು ವರ್ಷಗಳಿಂದ ಆ ದೇಶದ ಜನ ತಮ್ಮದೇ ಎಂದು ಭಾವಿಸಿಕೊಂಡು ಬಂದ ಕಾಳು ಅದು.

ಆದರೆ 1973ರ ಹೊತ್ತಿಗೆ ಆ ಕಾಳು ಜಪಾನಿನದಾಗಿ ಉಳಿದಿರಲಿಲ್ಲ. ಆ ದೇಶ ಆಮದು ಮಾಡಿಕೊಳ್ಳುತ್ತಿದ್ದ ಸೋಯಾದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಅಮೆರಿಕದ ಇಲಿನಾಯ್, ಅಯೋವಾ ಮುಂತಾದ ಸಂಸ್ಥಾನಗಳ ಹೊಲಗಳಲ್ಲಿ ಬೆಳೆದು ಬರುತ್ತಿತ್ತು. ಆ ವರ್ಷದ ಜೂನ್ 27ರಂದು ಅಮೆರಿಕದ ಸರ್ಕಾರ ಸೋಯಾ ರಫ್ತನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ನಿಷೇಧಕ್ಕೆ ಗುರಿಯಾದವರಲ್ಲಿ ಮೊದಲ ಸಾಲಿನಲ್ಲಿದ್ದದ್ದು ವೈರಿಯಾಗಿರಲಿಲ್ಲ. ತನ್ನ ನೆಲದ ಮೇಲೆ ಅಮೆರಿಕದ ಸೈನ್ಯಕ್ಕೆ ನೆಲೆಗಳನ್ನಿತ್ತು, ತನ್ನ ರಕ್ಷಣೆಯನ್ನೇ ಅದರ ಕೈಗೆ ಒಪ್ಪಿಸಿದ್ದ ಮಿತ್ರರಾಷ್ಟ್ರವಾಗಿತ್ತು.

ಅಮೆರಿಕದ ವಿದೇಶನೀತಿಯೂ ವಾಣಿಜ್ಯನೀತಿಯೂ ದಿಕ್ಕು ಬದಲಿಸಿದಾಗ ಮಿತ್ರರಾಷ್ಟ್ರಗಳು ಏನಾಗುತ್ತವೆ ಎಂಬ ಪ್ರಶ್ನೆ ಈಚಿನ ದಿನಗಳಲ್ಲಿ ಪತ್ರಿಕೆಗಳ ಮುಖಪುಟವನ್ನು ತುಂಬಿರುವುದಾದರೂ, ಅದಕ್ಕೆ ತಕ್ಕ ಉತ್ತರ ದೊರೆಯಬೇಕಾದರೆ ಅರ್ಧ ಶತಮಾನದ ಹಿಂದಿನ ಜಪಾನಿನ ಅನುಭವವನ್ನು ನೋಡುವುದು ಒಳ್ಳೆಯದು. ಹಾಗೆ ನೋಡಲು ಕಾರಣವಿದೆ: ಆ ಕಾಲದಲ್ಲಿ ಕೈಗೊಂಡ ನಿರ್ಧಾರಗಳ ಫಲ ಇಂದು ಪೂರ್ಣವಾಗಿ ಬಲಿತು ನಮ್ಮ ಕಣ್ಣೆದುರಿಗಿದೆ.

ಅವಲಂಬನೆ ಬೆಳೆದ ಬಗೆ

ಯುದ್ಧಕ್ಕೆ ಮುಂಚೆ ಜಪಾನಿಗೆ ಸೋಯಾ ಬರುತ್ತಿದ್ದದ್ದು ಬಹುಮಟ್ಟಿಗೆ ಮಂಚೂರಿಯದಿಂದ. 1945ರ ಸೋಲಿನೊಡನೆ ಆ ಮೂಲ ಕೈತಪ್ಪಿತು. 1951ರ ಸೆಪ್ಟೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಶಾಂತಿ ಒಡಂಬಡಿಕೆಗೆ ರುಜು ಹಾಕಿದ ದಿನವೇ ಅಮೆರಿಕದೊಡನೆ ರಕ್ಷಣಾ ಒಪ್ಪಂದಕ್ಕೂ ರುಜು ಬಿದ್ದಿತು; ಅಂದಿನಿಂದ ಜಪಾನ್ ಅಮೆರಿಕದ ಪಕ್ಷವನ್ನು ಬಿಟ್ಟು ಕದಲಲಿಲ್ಲ. ಚೀನಾದೊಡನೆ ವ್ಯಾಪಾರ ಮಾಡುವ ಆಸೆ ಟೋಕಿಯೋದ ವರ್ತಕರಿಗೆ ಧಾರಾಳವಾಗಿತ್ತು. ಆದರೂ ಅಮೆರಿಕದ ಒತ್ತಾಯಕ್ಕೆ ತಲೆಬಾಗಿ, 1952ರಲ್ಲಿ ಜಪಾನ್ ಸರ್ಕಾರ ತೈಪೆಯೊಡನೆ ಶಾಂತಿಸಂಧಾನ ಮಾಡಿಕೊಂಡು, ಬೀಜಿಂಗನ್ನು ದೂರವಿರಿಸಿತು.

ಇತ್ತ ಅಮೆರಿಕದ ಸೋಯಾ ಬೆಳೆಗಾರರ ಸಂಘ ತನ್ನ ಮೊದಲ ವಿದೇಶೀ ಕಛೇರಿಯನ್ನು 1956ರಲ್ಲಿ ಟೋಕಿಯೋದಲ್ಲಿಯೇ ತೆರೆಯಿತು. ತಮ್ಮ ಕಾಳು ಎಷ್ಟು ಶುದ್ಧ, ಎಷ್ಟು ಅಗ್ಗ, ಎಂದೆಂದಿಗೂ ಎಷ್ಟು ಖಚಿತವಾಗಿ ದೊರಕುವಂಥದು ಎಂದು ಅವರು ಜಪಾನಿನ ಎಣ್ಣೆ ಗಾಣದವರಿಗೂ ಆಹಾರ ತಯಾರಕರಿಗೂ ಮನವರಿಕೆ ಮಾಡಿಕೊಟ್ಟರು. 1961ರಲ್ಲಿ ಜಪಾನ್ ಸೋಯಾ ಆಮದಿನ ಮೇಲಿದ್ದ ಕಟ್ಟುಪಾಡುಗಳನ್ನು ತೆಗೆದುಹಾಕಿತು. ಅಗ್ಗದ ಕಾಳು ಹಡಗಿನ ಮೇಲೆ ಹಡಗು ಬಂದು ಇಳಿಯುತ್ತಿದ್ದಂತೆ ಜಪಾನಿನ ರೈತ ತನ್ನ ಗದ್ದೆಯ ಬದುಗಳಲ್ಲಿ ಬೆಳೆಯುತ್ತಿದ್ದ ಅವರೆಯನ್ನು ಬಿಟ್ಟುಬಿಟ್ಟ. ಹತ್ತೇ ವರ್ಷಗಳಲ್ಲಿ ದೇಶದ ಬೇಡಿಕೆಯಲ್ಲಿ ಸ್ವದೇಶದ ಬೆಳೆ ಪೂರೈಸುತ್ತಿದ್ದ ಪಾಲು ನೂರಕ್ಕೆ ಐದಕ್ಕಿಂತಲೂ ಕೆಳಗಿಳಿಯಿತು.

ಇದನ್ನು ಮೂರ್ಖತನವೆಂದು ಹಳಿಯುವುದು ನ್ಯಾಯವಲ್ಲ. ಮಿತ್ರತ್ವವೆಂಬುದು ನಿಜವಾಗಿದ್ದರೆ ಇಂಥ ಹಂಚಿಕೆಯೇ ಸಹಜವಾದದ್ದು. ನೀನು ಬೆಳೆ, ನಾನು ಯಂತ್ರ ಮಾಡುತ್ತೇನೆ ಎಂಬ ಒಪ್ಪಂದದಲ್ಲಿ ಇಬ್ಬರಿಗೂ ಲಾಭವಿದೆ. ಆ ಒಪ್ಪಂದ ನಾಳೆಯೂ ಇರುತ್ತದೆಂಬ ಭರವಸೆಯೊಂದೇ ಅದರ ಅಡಿಪಾಯ.

ಎರಡು ಆಘಾತಗಳು

1957ರಿಂದ 1963ರವರೆಗೆ ವಾಷಿಂಗ್ಟನ್ನಿನಲ್ಲಿ ಜಪಾನಿನ ರಾಯಭಾರಿಯಾಗಿದ್ದ ಆಸಾಕಾಯಿ ಕೋಯಿಚಿರೊ ಅವರನ್ನು ಒಂದು ಭಯ ಕಾಡುತ್ತಿತ್ತು: ಒಂದು ದಿನ ಬೆಳಗಾಗೆದ್ದು ನೋಡಿದರೆ, ತಮಗೆ ಒಂದು ಮಾತೂ ತಿಳಿಸದೆ ಅಮೆರಿಕ ಚೀನಾವನ್ನು ಮಾನ್ಯಮಾಡಿಬಿಟ್ಟಿರುವುದಾದರೆ! ರಾಜತಾಂತ್ರಿಕರ ವಲಯದಲ್ಲಿ ಅದಕ್ಕೆ ಆಸಾಕಾಯಿಯವರ ದುಃಸ್ವಪ್ನವೆಂದೇ ಹೆಸರಾಯಿತು. 1971ರ ಜುಲೈ 15ರ ರಾತ್ರಿ ಅಧ್ಯಕ್ಷ ನಿಕ್ಸನ್ ಅವರು ತಾವು ಬೀಜಿಂಗಿಗೆ ಹೋಗುವುದಾಗಿ ದೂರದರ್ಶನದಲ್ಲಿ ಸಾರಿದಾಗ ಆ ಕನಸು ಬಹುಪಾಲು ನನಸಾಯಿತು. ಅಮೆರಿಕದ ಮಾತಿಗಾಗಿ ಇಪ್ಪತ್ತು ವರ್ಷ ಚೀನಾದಿಂದ ದೂರವಿದ್ದ ಜಪಾನಿನ ಪ್ರಧಾನಿ ಸಾಟೊ ಐಸಾಕು ಅವರಿಗೆ ಸುದ್ದಿ ತಲುಪಿದ್ದು ಆ ಭಾಷಣಕ್ಕೆ ಕೆಲವೇ ನಿಮಿಷಗಳ ಮುಂಚೆ. ಟೋಕಿಯೋದಲ್ಲಿದ್ದ ಅಮೆರಿಕದ ರಾಯಭಾರಿ ಆರ್ಮಿನ್ ಮೇಯರ್ ಅವರಿಗಂತೂ ಅಷ್ಟೂ ದೊರೆಯಲಿಲ್ಲ. ಅವರು ಕ್ಷೌರ ಮಾಡಿಸಿಕೊಳ್ಳುತ್ತ ಕುಳಿತಿದ್ದಾಗ ರೇಡಿಯೋದಲ್ಲಿ ಅದನ್ನು ಕೇಳಿದರು.

ಒಂದು ತಿಂಗಳು ಕಳೆಯಿತು. ಆಗಸ್ಟ್ 15ರ ಭಾನುವಾರ ಸಂಜೆ ನಿಕ್ಸನ್ ಮತ್ತೊಮ್ಮೆ ಮಾತನಾಡಿದರು: ಡಾಲರಿಗೆ ಪ್ರತಿಯಾಗಿ ಚಿನ್ನ ಕೊಡುವ ಪದ್ಧತಿ ಅಂದಿನಿಂದ ನಿಂತಿತು, ಸುಂಕಕ್ಕೆ ಒಳಪಟ್ಟ ಆಮದುಗಳ ಮೇಲೆ ನೂರಕ್ಕೆ 10ರಷ್ಟು ಮೇಲ್ಸುಂಕ ಬಿದ್ದಿತು. ಟೋಕಿಯೋದಲ್ಲಿ ಆಗ ಸೋಮವಾರದ ಮುಂಜಾನೆ, ಮಾರುಕಟ್ಟೆ ತೆರೆದಿತ್ತು. ಷೇರುಗಳ ಬೆಲೆ ಕುಸಿಯಿತು. 1949ರಿಂದ ಡಾಲರಿಗೆ 360 ಯೆನ್ ಎಂದು ಸ್ಥಿರವಾಗಿದ್ದ ವಿನಿಮಯ ದರವನ್ನು ಕಾಪಾಡಲು ಜಪಾನಿನ ಕೇಂದ್ರ ಬ್ಯಾಂಕು ಸುಮಾರು ಹನ್ನೆರಡು ದಿನ ಡಾಲರುಗಳನ್ನು ರಾಶಿರಾಶಿಯಾಗಿ ಕೊಂಡು, ಕೊನೆಗೆ ಸೋತು ಕೈಬಿಟ್ಟಿತು. ಡಿಸೆಂಬರಿನಲ್ಲಿ ಆದ ಸ್ಮಿತ್‌ಸೋನಿಯನ್ ಒಪ್ಪಂದದಲ್ಲಿ ದರ 308 ಯೆನ್ನಿಗೆ ಇಳಿಯಿತು. ಒಂದು ಡಾಲರಿನ ಸರಕು ಮಾರಿ 360 ಯೆನ್ ಪಡೆಯುತ್ತಿದ್ದ ತಯಾರಕನಿಗೆ ಈಗ ಅದೇ ಸರಕಿಗೆ 308 ಯೆನ್ ಮಾತ್ರ. ಆಟಿಕೆ, ಚಮಚ, ಜವಳಿ ಇಂಥವನ್ನು ಸಣ್ಣ ಲಾಭಕ್ಕೆ ಮಾಡುತ್ತಿದ್ದವರ ಪಾಲಿಗೆ ಅದು ಇಡೀ ಲಾಭವನ್ನೇ ನುಂಗಿದ ಅಂತರ.

ಜವಳಿಯ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1968ರ ಚುನಾವಣೆಯಲ್ಲಿ ನಿಕ್ಸನ್ ಅಮೆರಿಕದ ದಕ್ಷಿಣ ಸಂಸ್ಥಾನಗಳ ಗಿರಣಿಗಳಿಗೆ ವಿದೇಶೀ ಬಟ್ಟೆಯ ಆಮದನ್ನು ತಡೆಯುವುದಾಗಿ ಮಾತು ಕೊಟ್ಟಿದ್ದರು. ಮರುವರ್ಷದ ನವೆಂಬರಿನಲ್ಲಿ ಓಕಿನಾವಾ ದ್ವೀಪವನ್ನು ಜಪಾನಿಗೆ ಮರಳಿಸುವ ಮಾತುಕತೆ ನಡೆದಾಗ, ಸಾಟೊ ಅವರು ಜವಳಿ ರಫ್ತಿಗೆ ಮಿತಿ ಹಾಕಲು ಒಪ್ಪಿದ್ದಾರೆಂದು ನಿಕ್ಸನ್ ಭಾವಿಸಿದರು. ಸಾಟೊ ಅವರಿಗೆ ತಮ್ಮ ದೇಶದ ಜವಳಿ ಉದ್ಯಮಿಗಳನ್ನು ಒಪ್ಪಿಸಲಾಗಲಿಲ್ಲ. ಎರಡು ವರ್ಷ ಎಳೆದಾಡಿದ ಮೇಲೆ ಅಮೆರಿಕ 1971ರ ಅಕ್ಟೋಬರ್ 15ರ ಗಡುವನ್ನಿತ್ತು, ಒಪ್ಪದಿದ್ದರೆ 1917ರ ಶತ್ರುವಾಣಿಜ್ಯ ಶಾಸನವನ್ನು ಪ್ರಯೋಗಿಸಿ ತಾನೇ ಮಿತಿ ಹಾಕುವುದಾಗಿ ಎಚ್ಚರಿಸಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಂಥ ವೈರಿಗಳನ್ನು ಉದ್ದೇಶಿಸಿ ಮಾಡಿದ ಕಾನೂನನ್ನು, ರಕ್ಷಣಾ ಒಪ್ಪಂದದಿಂದ ಬದ್ಧವಾದ ಮಿತ್ರನ ಮೇಲೆ ಎತ್ತಿದ್ದು ಜಪಾನೀಯರ ಮನಸ್ಸಿಗೆ ಎಷ್ಟು ನೋವನ್ನುಂಟುಮಾಡಿತೆಂಬುದನ್ನು ಯಾರಾದರೂ ಊಹಿಸಬಹುದು. ಗಡುವಿನ ದಿನ ಒಪ್ಪಂದವಾಯಿತು. ಫುಕುಯಿ, ಇಶಿಕಾವಾ ಮುಂತಾದ ಸೀಮೆಗಳಲ್ಲಿ ಹೆಚ್ಚಾದ ಮಗ್ಗಗಳನ್ನು ಸರ್ಕಾರವೇ ಹಣಕೊಟ್ಟು ಕೊಂಡು ಒಡೆದುಹಾಕಿಸಿತು. ತಂದೆ ಕೊಂಡ ಮಗ್ಗವನ್ನು ಮಗ ಅಂಗಳದಲ್ಲಿ ನಿಂತು ಒಡೆಸಬೇಕಾಗಿ ಬಂದ ಮನೆಗಳಿಗೆ ಪರಿಹಾರದ ಹಣ ಬಂದಿತೆಂಬುದು ನಿಜವೇ, ಕಸುಬು ಬರಲಿಲ್ಲ.

ಸಾಟೊ ಅವರು 1972ರಲ್ಲಿ ಅಧಿಕಾರ ಬಿಟ್ಟರು. ಅವರ ಸ್ಥಾನಕ್ಕೆ ಬಂದ ತನಾಕಾ ಕಾಕುಯೇ ಅವರು ಮೂರು ತಿಂಗಳೊಳಗೆ ಬೀಜಿಂಗಿಗೆ ಹೋಗಿ, ಸೆಪ್ಟೆಂಬರ್ 29ರಂದು ಚೀನಾದೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧವನ್ನೇ ಸ್ಥಾಪಿಸಿದರು. ದಾರಿ ತೆರೆದ ಅಮೆರಿಕ ಆ ಮೆಟ್ಟಿಲನ್ನೇರಿದ್ದು 1979ರ ಜನವರಿ 1ರಂದು. ಹಿಂದೆ ಬರುತ್ತಿದ್ದವನು, ತನ್ನನ್ನು ಕೇಳದೆ ತಿರುಗಿದ ಮುಂದಾಳನ್ನು ದಾಟಿ ಆರು ವರ್ಷ ಮುಂದೆ ಹೋಗಿದ್ದ.

1973ರ ಬೇಸಿಗೆ

ಸೋಯಾ ನಿಷೇಧದ ಹಿಂದೆ ಜಪಾನಿನ ಮೇಲಿನ ದ್ವೇಷವೇನೂ ಇರಲಿಲ್ಲ; ನಾನು ಒತ್ತಿ ಹೇಳಬೇಕೆಂದಿರುವ ಸಂಗತಿಯೇ ಅದು. 1972ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಧಾನ್ಯವನ್ನು ಅಪಾರ ಪ್ರಮಾಣದಲ್ಲಿ ಕೊಂಡುಕೊಂಡಿತ್ತು. ಅದೇ ಸಮಯದಲ್ಲಿ ಪೆರು ದೇಶದ ಕಡಲಿನ ನೀರು ಎಲ್ ನಿನ್ಯೊ ಎಂಬ ನಿಸರ್ಗವ್ಯಾಪಾರದಿಂದ ಬಿಸಿಯೇರಿ, ಆಂಚೊವಿ ಎಂಬ ಸಣ್ಣ ಮೀನಿನ ಸಂಪತ್ತು ನಶಿಸಿತು. ಆ ಮೀನಿನ ಪುಡಿಯನ್ನು ಜಗತ್ತಿನ ಕೋಳಿ, ಹಂದಿಗಳ ಮೇವಿಗೆ ಬಳಸುತ್ತಿದ್ದರು. ಮೀನಿಲ್ಲವಾದಾಗ ಎಲ್ಲರೂ ಸೋಯಾ ಹಿಂಡಿಗೆ ಮುಗಿಬಿದ್ದರು. ಮೂರೂವರೆ ಡಾಲರಿನ ಆಸುಪಾಸಿನಲ್ಲಿದ್ದ ಬುಷಲ್ ಸೋಯಾದ ಬೆಲೆ ವರ್ಷದೊಳಗೆ ಹನ್ನೆರಡು ಡಾಲರಿನ ಹತ್ತಿರಕ್ಕೆ ಹೋಯಿತು. ಅಮೆರಿಕದ ಗೃಹಿಣಿ ಮಾಂಸದ ಬೆಲೆಯನ್ನು ಕಂಡು ಸಿಡುಕಿದಳು. ಜೂನ್ 13ರಂದು ನಿಕ್ಸನ್ ಅರುವತ್ತು ದಿನಗಳ ಮಟ್ಟಿಗೆ ಬೆಲೆಗಳನ್ನು ಕಟ್ಟಿಹಾಕಿದರು. ಬೆಲೆ ಕಟ್ಟಿದ ಮೇಲೆ ಕಾಳು ಹೊರಕ್ಕೆ ಹರಿದುಹೋಗದಂತೆ ಒಡ್ಡು ಹಾಕಲೇಬೇಕಾಯಿತು. ವಾಟರ್‌ಗೇಟ್ ಹಗರಣದ ವಿಚಾರಣೆ ಸೆನೆಟ್ಟಿನಲ್ಲಿ ಭರದಿಂದ ನಡೆದಿದ್ದ ವಾರದಲ್ಲಿಯೇ ನಿಷೇಧದ ಆಜ್ಞೆಯೂ ಹೊರಟಿತು. ಟೋಕಿಯೋದ ತೋಫು ಅಂಗಡಿಯ ವಿಚಾರ ಅಲ್ಲಿ ಯಾರ ಮನಸ್ಸಿನಲ್ಲಿದ್ದೀತು?

ಸಂಪೂರ್ಣ ನಿಷೇಧ ಒಂದು ವಾರವೂ ನಿಲ್ಲಲಿಲ್ಲ. ಜುಲೈ 2ರಂದು, ಆಗಲೇ ಒಪ್ಪಂದವಾಗಿದ್ದು ಹಡಗೇರದ ಸೋಯಾದಲ್ಲಿ ಅರ್ಧದಷ್ಟನ್ನು ಕಳುಹಿಸಬಹುದೆಂದು ಪರವಾನಗಿ ಪದ್ಧತಿ ತಂದರು. ಆ ವರ್ಷದ ಫಸಲು ಹಿಂದೆಂದೂ ಕಾಣದಷ್ಟು ಹುಲುಸಾಗಿ ಬಂದದ್ದರಿಂದ ಅಕ್ಟೋಬರಿನ ವೇಳೆಗೆ ಎಲ್ಲ ನಿರ್ಬಂಧಗಳೂ ಹೋದವು. ಜಪಾನಿನಲ್ಲಿ ಯಾರೂ ಉಪವಾಸ ಬೀಳಲಿಲ್ಲ. ಅಮೆರಿಕದ ಅಧಿಕಾರಿಗಳ ದೃಷ್ಟಿಯಲ್ಲಿ ಪ್ರಕರಣ ಅಲ್ಲಿಗೆ ಮುಗಿಯಿತು.

ಜಪಾನಿನ ದೃಷ್ಟಿಯಲ್ಲಿ ಮುಗಿಯಲಿಲ್ಲ. ಹಣ ಕೊಟ್ಟು ರುಜು ಹಾಕಿದ ಒಪ್ಪಂದವನ್ನೇ ಅರ್ಧಕ್ಕೆ ತುಂಡರಿಸಬಹುದಾದರೆ ನಾಳೆ ಯಾವುದನ್ನು ನೆಚ್ಚುವುದು? 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಅವರು ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ಅಳೆದು ಕಳುಹಿಸುತ್ತಿದ್ದ ದಿನಗಳನ್ನು ಕಂಡ ನಮ್ಮ ಹಿರಿಯರಿಗೆ ಈ ಆತಂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಭಾರತ ಅಮೆರಿಕದ ಕೂಟಕ್ಕೆ ಸೇರಿದ ದೇಶವಾಗಿರಲಿಲ್ಲ, ಜಪಾನ್ ಸೇರಿತ್ತು. 1973ರ ಶರತ್ಕಾಲದಲ್ಲಿಯೇ ಅರಬ್ ರಾಷ್ಟ್ರಗಳು ತೈಲವನ್ನು ತಡೆದಾಗ, ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಿಸಿಂಜರ್ ಅವರು ನವೆಂಬರಿನಲ್ಲಿ ಟೋಕಿಯೋಕ್ಕೆ ಬಂದು ತಮ್ಮ ಜೊತೆ ನಿಲ್ಲುವಂತೆ ಕೇಳಿಕೊಂಡರೂ, ಜಪಾನ್ ಸರ್ಕಾರ ನವೆಂಬರ್ 22ರಂದು ಅರಬರ ನಿಲುವಿಗೆ ಒಲಿದ ಹೇಳಿಕೆಯನ್ನು ಹೊರಡಿಸಿತು. ಮುಖ್ಯ ಕಾರಣ ಎಣ್ಣೆಯೇ. ಆದರೆ ಬೇಸಿಗೆಯ ನೆನಪು ಆರಿರಲಿಲ್ಲ.

ಸೆರಾಡೊದ ಕೆಂಪು ಮಣ್ಣು

ಬ್ರೆಜಿಲ್ ದೇಶದ ನಡುಭಾಗದಲ್ಲಿ ಸೆರಾಡೊ ಎಂಬ ವಿಸ್ತಾರವಾದ ಕುರುಚಲು ಬಯಲಿದೆ. ಮಳೆಯುಂಟು, ಬಿಸಿಲುಂಟು, ಸಮತಟ್ಟಾದ ನೆಲವುಂಟು. ಆದರೆ ಮಣ್ಣು ಹುಳಿ, ಅದರಲ್ಲಿ ಬೇರಿಗೆ ವಿಷವಾಗುವಷ್ಟು ಅಲ್ಯೂಮಿನಿಯಂ, ಸಾರವೋ ಅತ್ಯಲ್ಪ. ಅದು ಕೃಷಿಗೆ ಬಾರದ ನೆಲವೆಂದೇ ಬಹುಕಾಲ ಎಲ್ಲರೂ ತೀರ್ಮಾನಿಸಿದ್ದರು. ಅದೂ ಅಲ್ಲದೆ ಸೋಯಾ ಸಮಶೀತೋಷ್ಣ ಸೀಮೆಯ ಬೆಳೆ. ಹಗಲಿನ ಉದ್ದವನ್ನು ನೋಡಿ ಹೂಬಿಡುವ ಆ ಗಿಡ, ಭೂಮಧ್ಯರೇಖೆಯ ಸಮೀಪಕ್ಕೆ ಒಯ್ದರೆ ಬೆಳೆಯುವ ಮುನ್ನವೇ ಹೂಬಿಟ್ಟು ಕುಳ್ಳಗೆ ನಿಂತುಬಿಡುತ್ತದೆ.

1974ರ ಸೆಪ್ಟೆಂಬರಿನಲ್ಲಿ ತನಾಕಾ ಅವರು ಬ್ರೆಜಿಲಿಗೆ ಹೋಗಿ ಅಧ್ಯಕ್ಷ ಗೈಸೆಲ್ ಅವರೊಡನೆ ಕೃಷಿ ಸಹಕಾರದ ಮಾತನ್ನಾಡಿದರು. ಅಲ್ಲಿ 1973ರಲ್ಲಿ ಆಗತಾನೆ ಕೆಲಸಕ್ಕೆ ತೊಡಗಿದ್ದ ಎಂಬ್ರಾಪಾ ಎಂಬ ಸರ್ಕಾರೀ ಕೃಷಿ ಸಂಶೋಧನ ಸಂಸ್ಥೆಯಿತ್ತು. ಜಪಾನಿನಲ್ಲಿ ಆ 1974ರಲ್ಲಿಯೇ ಹುಟ್ಟಿದ ಜೈಕಾ ಎಂಬ ಸಹಕಾರ ಸಂಸ್ಥೆಯಿತ್ತು. ಬ್ರೆಜಿಲಿನ ವಿಜ್ಞಾನಿಗಳು ಹೊಲಕ್ಕೆ ಸುಣ್ಣವನ್ನು ಧಾರಾಳವಾಗಿ ಸುರಿದು ಹುಳಿಯನ್ನು ಮುರಿದರು. ರಂಜಕವನ್ನೂ ಪೊಟ್ಯಾಷನ್ನೂ ಕೊಟ್ಟರು. ಉಷ್ಣವಲಯದ ಹಗಲಿಗೆ ಹೊಂದುವ ತಳಿಗಳನ್ನು ರೂಪಿಸಿದರು. ಜಪಾನ್ ಸಾಲವನ್ನೂ ತಾಂತ್ರಿಕ ನೆರವನ್ನೂ ಒದಗಿಸಿತು. ಪ್ರೊಡೆಸೆರ್ ಎಂಬ ಜಂಟಿ ಯೋಜನೆ 1979ರಲ್ಲಿ ಮಿನಾಸ್ ಜೆರೈಸ್ ಸಂಸ್ಥಾನದಲ್ಲಿ ಆರಂಭವಾಗಿ, ಮೂರು ಹಂತಗಳಲ್ಲಿ 2001ರವರೆಗೆ ನಡೆದು, ಸುಮಾರು 3.45 ಲಕ್ಷ ಹೆಕ್ಟೇರ್ ನೆಲವನ್ನು ಸಾಗುವಳಿಗೆ ತಂದಿತು. ಸೆರಾಡೊದ ಒಟ್ಟು ವಿಸ್ತಾರಕ್ಕೆ ಅದು ಅಲ್ಪವೇ. ಆದರೆ ಮಾಡಬಹುದೆಂದು ಮಾಡಿ ತೋರಿಸಿದ್ದು ಅದು, ಉಳಿದವರು ಅದನ್ನು ನೋಡಿ ಬಂದರು.

ಇಂದು ಬ್ರೆಜಿಲ್ ಸೋಯಾ ಉತ್ಪಾದನೆಯಲ್ಲಿಯೂ ರಫ್ತಿನಲ್ಲಿಯೂ ಅಮೆರಿಕವನ್ನು ಮೀರಿಸಿ ಜಗತ್ತಿನಲ್ಲಿ ಮೊದಲ ಸ್ಥಾನದಲ್ಲಿದೆ. ಅಮೆರಿಕ 2018ರಲ್ಲಿ ಚೀನಾದ ಸರಕಿನ ಮೇಲೆ ಸುಂಕ ಹೇರಿದಾಗ, ಚೀನಾ ಅಮೆರಿಕದ ಸೋಯಾದ ಮೇಲೆ ನೂರಕ್ಕೆ 25ರಷ್ಟು ಪ್ರತಿಸುಂಕ ಹಾಕಿ ಬ್ರೆಜಿಲಿನ ಕಡೆಗೆ ತಿರುಗಲು ಸಾಧ್ಯವಾದದ್ದು ಇದರಿಂದಲೇ. ತನ್ನ ರೈತರನ್ನು ಉಳಿಸಿಕೊಳ್ಳಲು ಅಮೆರಿಕ ಆ ವರ್ಷ 1,200 ಕೋಟಿ ಡಾಲರ್, ಮರುವರ್ಷ 1,600 ಕೋಟಿ ಡಾಲರ್ ವರೆಗೆ ನೆರವು ಘೋಷಿಸಬೇಕಾಯಿತು. ಪ್ರಪಂಚದಲ್ಲಿ ಸೋಯಾಕ್ಕೆ ಎರಡನೆಯ ಅಂಗಡಿಯೊಂದು ತೆರೆದದ್ದಕ್ಕೆ ಎಷ್ಟೋ ಕಾರಣಗಳಿವೆ; ಆದರೆ ಅದಕ್ಕೆ ಜಪಾನಿನ ಹಣವೂ ಹಟವೂ ಸೇರುವಂತೆ ಮಾಡಿದ್ದು 1973ರ ಆ ಕೆಲವು ದಿನಗಳು.

ಇದರ ಬೆಲೆಯನ್ನು ತೆತ್ತವರು ಬೇರೆಯೂ ಉಂಟು. ಸೆರಾಡೊದ ಸಹಜ ಸಸ್ಯಸಂಪತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಹೊಲ, ಹುಲ್ಲುಗಾವಲುಗಳ ಕೆಳಗೆ ಅಳಿದುಹೋಗಿದೆ. ಜಪಾನಿಗೆ ಅಲ್ಲಿನ ಕಾಳಿನಲ್ಲಿ ದೊಡ್ಡ ಪಾಲೇನೂ ಬರಲಿಲ್ಲ. ಅದು ಚೀನಾಕ್ಕೂ ಯೂರೋಪಿಗೂ ಹರಿಯಿತು. ಜಪಾನಿನ ಆಮದು ಸೋಯಾದಲ್ಲಿ ಇಂದಿಗೂ ಅತಿ ಹೆಚ್ಚಿನ ಭಾಗ ಅಮೆರಿಕದಿಂದಲೇ ಬರುತ್ತದೆ. ಮಿತ್ರನಾದವನು ಬಿಟ್ಟುಹೋಗಲಾರ, ಬಿಟ್ಟುಹೋಗಬೇಕಾದೀತೆಂಬ ಭಯದಿಂದ ಅವನು ಕಟ್ಟಿದ ದಾರಿಯಲ್ಲಿ ಬೇರೆಯವರು ನಡೆಯುತ್ತಾರೆ.

ಒಂದು ರುಜುವಿನ ಬಲ

ಅಮೆರಿಕದ ನೀತಿ ಹೀಗೆ ರಾತ್ರೋರಾತ್ರಿ ಹೊರಳುವುದು ಹೇಗೆಂದು ಓದುಗರು ಕೇಳಬಹುದು. ಆ ದೇಶದ ಸಂವಿಧಾನದ ಪ್ರಕಾರ ಸುಂಕ ಹಾಕುವ ಅಧಿಕಾರ ಕಾಂಗ್ರೆಸ್ ಎಂಬ ಶಾಸನಸಭೆಯದು. 1930ರಲ್ಲಿ ಆ ಸಭೆಯೇ ಸ್ಮೂಟ್-ಹಾಲಿ ಶಾಸನದಿಂದ ಸುಂಕಗಳನ್ನು ಏರಿಸಿ ಕೆಟ್ಟ ಹೆಸರು ಪಡೆದ ಮೇಲೆ, 1934ರಿಂದ ಆ ಅಧಿಕಾರದ ಭಾಗಗಳನ್ನು ಒಂದೊಂದಾಗಿ ಅಧ್ಯಕ್ಷರಿಗೆ ವಹಿಸುತ್ತ ಬಂದಿತು. ಸುಂಕ ಇಳಿಸಲೆಂದು ಕೊಟ್ಟ ಅಧಿಕಾರದ ಜೊತೆಗೆ ಆಪತ್ತಿನ ಕಾಲಕ್ಕೆಂದು ಬೇರೆ ಅಸ್ತ್ರಗಳೂ ಸೇರಿದವು. ರಾಷ್ಟ್ರರಕ್ಷಣೆಗೆ ಧಕ್ಕೆಯೆಂಬ ಕಾರಣ ಹೇಳಿ ಆಮದಿಗೆ ತಡೆ ಹಾಕಲು ಅವಕಾಶವೀಯುವ 1962ರ ವಾಣಿಜ್ಯ ವಿಸ್ತರಣ ಶಾಸನದ 232ನೆಯ ಪ್ರಕರಣ ಅಂಥದೊಂದು. ಸೋಯಾ ನಿಷೇಧಕ್ಕೆ ಆಧಾರವಾದ ರಫ್ತು ಶಾಸನವೂ ಅದೇ ಜಾತಿಯದು. ಅಧ್ಯಕ್ಷರ ಇಂಥ ಒಂದು ರುಜುವಿನಿಂದ ಲಾಭ ಪಡೆಯುವ ಗಿರಣಿಯ ಕೂಲಿಗೂ ಮಾಂಸ ಕೊಳ್ಳುವ ಗೃಹಿಣಿಗೂ ಅಮೆರಿಕದಲ್ಲಿ ಮತವಿದೆ. ಫುಕುಯಿಯ ನೇಕಾರನಿಗೆ ಇಲ್ಲ.

ಕಾರಿನ ಸರದಿ

ಜವಳಿಯ ನಂತರ ಉಕ್ಕು, ಟೆಲಿವಿಷನ್, ಕಾರು, ಸೆಮಿಕಂಡಕ್ಟರ್ ಚಿಪ್ ಎಂದು ಜಪಾನಿನ ಸರಕುಗಳು ಒಂದರ ಹಿಂದೊಂದು ಇದೇ ಹಾದಿಯಲ್ಲಿ ಸಿಕ್ಕಿಕೊಂಡವು. 1981ರಲ್ಲಿ ಜಪಾನ್ ತಾನೇ ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳುಹಿಸುವುದಿಲ್ಲವೆಂದು ಒಪ್ಪಿಕೊಂಡಿತು. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಆದ ಒಪ್ಪಂದದಿಂದ ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್, ಮೂರು ವರ್ಷಗಳಲ್ಲಿ 130ರ ಸಮೀಪಕ್ಕೆ ಬಂದಿತು. ಜಪಾನಿನ ಕಂಪನಿಗಳು ಕಾರ್ಖಾನೆಗಳನ್ನೇ ಅಮೆರಿಕಕ್ಕೆ ಒಯ್ದವು: ಹೋಂಡಾ ಒಹಾಯೊ ಸಂಸ್ಥಾನಕ್ಕೆ, ನಿಸಾನ್ ಟೆನೆಸ್ಸಿಗೆ, ಟೊಯೋಟಾ ಕೆಂಟುಕಿಗೆ.

ಇಷ್ಟಾದರೂ ಇಂದು ಜಪಾನಿನಿಂದ ಅಮೆರಿಕಕ್ಕೆ ಹೋಗುವ ರಫ್ತಿನ ಮೌಲ್ಯದಲ್ಲಿ ಕಾಲುಭಾಗಕ್ಕೂ ಹೆಚ್ಚು ಮೋಟಾರು ವಾಹನಗಳದು. 2019ರಲ್ಲಿ ಪ್ರಧಾನಿ ಅಬೆ ಅವರ ಸರ್ಕಾರ ಅಮೆರಿಕದ ಗೋಮಾಂಸವೇ ಮೊದಲಾದ ಕೃಷಿ ಸರಕುಗಳಿಗೆ ಸುಂಕ ಇಳಿಸಿ ಒಪ್ಪಂದ ಮಾಡಿಕೊಂಡಾಗ, ಪ್ರತಿಯಾಗಿ ಜಪಾನಿನ ಕಾರುಗಳ ಮೇಲೆ ಹೊಸ ಸುಂಕ ಬೀಳದೆಂಬ ತಿಳಿವಳಿಕೆ ಇಬ್ಬರಲ್ಲಿಯೂ ಇತ್ತು. 2025ರ ಏಪ್ರಿಲ್ 3ರಂದು ಅದೇ 232ನೆಯ ಪ್ರಕರಣದ ಮೇರೆಗೆ ನೂರಕ್ಕೆ 25ರ ಸುಂಕ ಬಿದ್ದು, ಹಿಂದಿನ ಎರಡೂವರೆಯೊಡನೆ ಸೇರಿ 27.5 ಆಯಿತು. ಪ್ರಧಾನಿ ಇಶಿಬಾ ಅವರು ಇದನ್ನು ರಾಷ್ಟ್ರೀಯ ಸಂಕಟವೆಂದು ಕರೆದರು. ತಯಾರಕರು ಮಾರುಕಟ್ಟೆ ಕೈಬಿಡಬಾರದೆಂದು ಬೆಲೆಗಳನ್ನಿಳಿಸಿ ಸುಂಕದ ಭಾರದಲ್ಲಿ ಬಹುಭಾಗವನ್ನು ತಾವೇ ಹೊತ್ತರು. ಜುಲೈ ತಿಂಗಳಿನಲ್ಲಿ ಮಾತುಕತೆ ಮುಗಿದು, ಸೆಪ್ಟೆಂಬರ್ 16ರಿಂದ ಸುಂಕ ನೂರಕ್ಕೆ 15ಕ್ಕೆ ಇಳಿಯಿತು. ಅದಕ್ಕಾಗಿ ಜಪಾನ್ ಅಮೆರಿಕದಲ್ಲಿ 55,000 ಕೋಟಿ ಡಾಲರ್ ತೊಡಗಿಸುವ ಮಾತು ಕೊಟ್ಟಿದೆ. ಯಾವುದರಲ್ಲಿ ತೊಡಗಿಸಬೇಕೆಂಬುದನ್ನು ಕೊನೆಗೆ ನಿರ್ಣಯಿಸುವವರು ಅಮೆರಿಕದ ಅಧ್ಯಕ್ಷರು, ಹಣ ಬಾರದಿದ್ದರೆ ಸುಂಕವನ್ನು ಮತ್ತೆ ಏರಿಸುವ ಅವಕಾಶವೂ ಅವರಿಗೇ. ಹದಿನೈದನ್ನು ಗೆಲುವೆಂದು ಕೆಲವರು ಬರೆದಿದ್ದಾರೆ. ಎರಡೂವರೆ ಇದ್ದದ್ದು ಹದಿನೈದಾದದ್ದನ್ನು ಗೆಲುವೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಜಪಾನ್ ಈ ನಡುವೆ ಮಾಡಿರುವ ಇನ್ನೊಂದು ಕೆಲಸವನ್ನು ಇದರ ಜೊತೆಗಿಟ್ಟು ನೋಡಬೇಕು. ಪೆಸಿಫಿಕ್ ಸಾಗರದ ಹನ್ನೆರಡು ದೇಶಗಳು ಕೂಡಿ ರಚಿಸಿದ್ದ ವಾಣಿಜ್ಯ ಒಪ್ಪಂದದಿಂದ ಅಮೆರಿಕ 2017ರ ಜನವರಿಯಲ್ಲಿ ಹೊರನಡೆದಾಗ ಅದು ಅಲ್ಲಿಗೇ ಸತ್ತಿತೆಂದು ಬಹುಮಂದಿ ಭಾವಿಸಿದ್ದರು. ಜಪಾನ್ ಮುಂದೆ ನಿಂತು ಉಳಿದ ಹತ್ತು ದೇಶಗಳನ್ನು ಹಿಡಿದಿಟ್ಟುಕೊಂಡು, 2018ರ ಮಾರ್ಚ್ 8ರಂದು ಚಿಲಿ ದೇಶದ ಸಾಂಟಿಯಾಗೋದಲ್ಲಿ ಅದಕ್ಕೆ ರುಜು ಹಾಕಿಸಿತು. 2024ರ ಡಿಸೆಂಬರಿನಲ್ಲಿ ಬ್ರಿಟನ್ನೂ ಬಂದು ಸೇರಿತು. ಯೂರೋಪಿನ ಒಕ್ಕೂಟದೊಡನೆ ಮಾಡಿಕೊಂಡ ಬೇರೊಂದು ಒಪ್ಪಂದ 2019ರ ಫೆಬ್ರುವರಿಯಿಂದ ನಡೆಯುತ್ತಿದೆ. ಸಾಂಟಿಯಾಗೋದ ಒಪ್ಪಂದವನ್ನು ತಿದ್ದುವಾಗ, ಅಮೆರಿಕದ ಹಟಕ್ಕಾಗಿ ಮೊದಲು ಸೇರಿಸಿದ್ದ ವಿಧಿಗಳೇ ಬಹುಪಾಲಾದ ಇಪ್ಪತ್ತೆರಡು ವಿಧಿಗಳ ಪ್ರಶ್ನೆ ಬಂದಿತು. ಅವು ಹೊರಟುಹೋದವನಿಗೆ ಬೇಕಾಗಿದ್ದ ವಿಧಿಗಳು, ಉಳಿದವರಲ್ಲಿ ಹಲವರಿಗೆ ಭಾರವಾಗಿದ್ದವು, ಅಳಿಸಿಹಾಕುವುದು ಸುಲಭವಿತ್ತು. ಅವರು ಅಳಿಸಲಿಲ್ಲ. ಅಮೆರಿಕ ಎಂದಾದರೂ ಮರಳಿ ಬರಬಹುದೆಂದು, ಆ ಇಪ್ಪತ್ತೆರಡನ್ನೂ ಒಪ್ಪಂದದಲ್ಲಿಯೇ ಉಳಿಸಿಕೊಂಡು, ಸದ್ಯಕ್ಕೆ ಜಾರಿಗೆ ತರದಂತೆ ತಡೆಹಿಡಿದರು.